ಬಿಸಿಲು, ಮರಣ ನೋಂದಣಿ ಮತ್ತು ನಗರಪಾಲಿಕೆ: ಹವಾಮಾನ ಬದಲಾವಣೆಗೆ ಸ್ಥಳೀಯ ಸರ್ಕಾರಗಳ ಸಿದ್ಧತೆ

ಹವಾಮಾನ ಬದಲಾವಣೆಯನ್ನು ಕುರಿತ ಚರ್ಚೆಯು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತದೆ. ಒಂದು, ರಾಷ್ಟ್ರರಾಷ್ಟ್ರಗಳ ನಡುವಣ ಒಪ್ಪಂದಗಳ ನೆಲೆ. ಇನ್ನೊಂದು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೀತಿ ನಿರೂಪಣೆಯ ನೆಲೆ. ಭಾರತ ಸರ್ಕಾರವು ಎಂಟು ರಾಷ್ಟ್ರೀಯ ಅಭಿಯಾನಗಳನ್ನೊಳಗೊಂಡ ಕ್ರಿಯಾ ಯೋಜನೆಯನ್ನು 2008ರ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಮರುವರ್ಷ ರಾಜ್ಯಗಳೂ ತಮ್ಮ ತಮ್ಮ ಯೋಜನೆಗಳನ್ನು ರೂಪಿಸಬೇಕೆಂಬ ಸೂಚನೆ ಹೊರಟಿತು. ಅದರಂತೆ ಕರ್ನಾಟಕದಲ್ಲಿಯೂ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ (ಎಂಪ್ರಿ) ಹೊಣೆಯಲ್ಲಿ ರಾಜ್ಯ ಕ್ರಿಯಾ ಯೋಜನೆ ಸಿದ್ಧವಾಯಿತು. ಆದರೆ ಬದಲಾದ ಹವಾಮಾನದ ಪರಿಣಾಮಗಳು ಕಾಣಿಸಿಕೊಳ್ಳುವುದು ಈ ಎರಡು ನೆಲೆಗಳಲ್ಲಿಯೂ ಅಲ್ಲ. ಚರಂಡಿ ಉಕ್ಕಿ ಮನೆಗೆ ನೀರು ನುಗ್ಗುವುದು ಒಂದು ವಾರ್ಡಿನಲ್ಲಿ. ಕೊಳವೆಬಾವಿ ಬತ್ತುವುದು ಒಂದು ಗ್ರಾಮದಲ್ಲಿ. ಬಿಸಿಲಿಗೆ ಕುಸಿದು ಬೀಳುವ ಕೂಲಿಕಾರನು ಬೀಳುವುದು ಒಂದು ಬೀದಿಯಲ್ಲಿ. ಆ ಹೊತ್ತಿಗೆ ಮೊದಲು ಎದುರಾಗುವ ಸರ್ಕಾರವೆಂದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ನೀರುಗಂಟಿ, ಪುರಸಭೆಯ ಆರೋಗ್ಯ ನಿರೀಕ್ಷಕ ಇವರೇ ಹೊರತು ದೂರದ ರಾಜಧಾನಿಯಲ್ಲ.

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯಗಳನ್ನೂ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ವಿಷಯಗಳನ್ನೂ ಗುರುತಿಸಲಾಯಿತು. ಹವಾಮಾನ ಬದಲಾವಣೆ ಎಂಬ ಪದ ಈ ಎರಡು ಪಟ್ಟಿಗಳಲ್ಲಿಯೂ ಇಲ್ಲ. ಆದರೆ ಕುಡಿಯುವ ನೀರು, ಸಣ್ಣ ನೀರಾವರಿ, ಸಾರ್ವಜನಿಕ ಆರೋಗ್ಯ, ನಗರ ಅರಣ್ಯ, ಕೊಳೆಗೇರಿಗಳ ಸುಧಾರಣೆ ಮುಂತಾಗಿ ಅಲ್ಲಿರುವ ಬಹುಪಾಲು ವಿಷಯಗಳನ್ನು ಅದು ಮುಟ್ಟದೆ ಬಿಡುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯೂ ಸ್ಥಳೀಯ ಪ್ರಾಧಿಕಾರಗಳಿಗೆ ಕೆಲವು ಕರ್ತವ್ಯಗಳನ್ನು ವಿಧಿಸಿದೆ. ಹೊಣೆ ಇದೆ; ಅದನ್ನು ನಿರ್ವಹಿಸಲು ಬೇಕಾದ ತಿಳಿವಳಿಕೆ, ಹಣ, ಅಧಿಕಾರಗಳು ಎಷ್ಟರಮಟ್ಟಿಗೆ ಇವೆ ಎಂಬುದೇ ಪ್ರಶ್ನೆ. ಈ ಕೊರತೆಯನ್ನು ತುಂಬಲು ಹೊರಗಿನಿಂದ ದೊರೆಯುವ ನೆರವು, ಅಂದರೆ ವಿಶ್ವವಿದ್ಯಾಲಯಗಳು, ತರಬೇತಿ ಸಂಸ್ಥೆಗಳು, ಸ್ವಯಂಸೇವಾ ಸಂಘಟನೆಗಳು ನೀಡುವ ನೆರವು ಯಾವ ಸ್ವರೂಪದ್ದಾಗಿದ್ದರೆ ಫಲ ಕೊಡುತ್ತದೆ ಎಂಬುದನ್ನು ಒಂದು ನಿರ್ದಿಷ್ಟ ವಿಪತ್ತಿನ ಮೂಲಕ, ಎಂದರೆ ಬಿಸಿಗಾಳಿಯ ಮೂಲಕ, ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬಿಸಿಗಾಳಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಪ್ರವಾಹ, ಭೂಕುಸಿತಗಳು ಕಣ್ಣಿಗೆ ಕಾಣುವ ವಿಪತ್ತುಗಳು. ಬಿಸಿಲು ಹಾಗಲ್ಲ. ಅದರಿಂದ ಸಾಯುವವರು ಹೆಚ್ಚಾಗಿ ಮನೆಯೊಳಗೆ, ಒಬ್ಬೊಬ್ಬರಾಗಿ, ಬೇರೆ ಬೇರೆ ಕಾಯಿಲೆಗಳ ಹೆಸರಿನಲ್ಲಿ ಸಾಯುತ್ತಾರೆ. ಹೃದ್ರೋಗಿಯ ಹೃದಯ ನಿಲ್ಲುತ್ತದೆ, ಮೂತ್ರಪಿಂಡದ ರೋಗಿಯ ಮೂತ್ರಪಿಂಡ ಸೋಲುತ್ತದೆ, ವೃದ್ಧರು ನಿದ್ರೆಯಲ್ಲಿಯೇ ತೀರಿಕೊಳ್ಳುತ್ತಾರೆ. ಮರಣ ಪತ್ರದಲ್ಲಿ ಬಿಸಿಲಿನ ಮಾತೇ ಬರುವುದಿಲ್ಲ. ಅಷ್ಟೇ ಅಲ್ಲ, ದೇಶದಲ್ಲಿ 2020ರಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯಕೀಯವಾಗಿ ಕಾರಣವನ್ನು ದೃಢೀಕರಿಸಿದವು ಶೇಕಡ 22.5ರಷ್ಟು ಮಾತ್ರ. ಹೀಗಿರುವಾಗ ಬಿಸಿಲಿನಿಂದ ಸತ್ತವರೆಷ್ಟು ಎಂದು ಕಡತಗಳನ್ನು ಕೇಳಿದರೆ ಅವು ಕೊಡುವ ಉತ್ತರ ಯಾವಾಗಲೂ ಸಣ್ಣದು. ಉತ್ತರ ಸಣ್ಣದಾದ್ದರಿಂದ ಯೋಜನೆಯ ಅಗತ್ಯವೂ ಸಣ್ಣದಾಗಿ ತೋರುತ್ತದೆ.

ಅಹಮದಾಬಾದಿನ ಪಾಠ

ಈ ವರ್ತುಲವನ್ನು ಭಾರತದಲ್ಲಿ ಮೊದಲು ಮುರಿದ ನಗರ ಸಂಸ್ಥೆ ಅಹಮದಾಬಾದ್ ಮಹಾನಗರಪಾಲಿಕೆ. ಇದಕ್ಕೂ ಮುನ್ನ ಒಡಿಶಾ ರಾಜ್ಯವು 1998ರ ಬೇಸಗೆಯಲ್ಲಿ ಅಧಿಕೃತ ಲೆಕ್ಕದ ಪ್ರಕಾರವೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು, ಆ ಬಳಿಕ ರಾಜ್ಯಮಟ್ಟದಲ್ಲಿ ಎಚ್ಚರಿಕೆಯ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತೆಂಬುದನ್ನು ಮರೆಯಲಾಗದು. ಆದರೆ ಒಂದು ನಗರಪಾಲಿಕೆಯು ತನ್ನದೇ ಜನರ ಮರಣಗಳ ಲೆಕ್ಕದಿಂದ ಹೊರಟು ತನ್ನದೇ ಯೋಜನೆಯನ್ನು ರೂಪಿಸಿದ್ದು ಅಹಮದಾಬಾದಿನಲ್ಲಿ.

2010ರ ಮೇ ತಿಂಗಳಲ್ಲಿ ಆ ನಗರದ ಉಷ್ಣಾಂಶವು 46.8 ಡಿಗ್ರಿ ಸೆಲ್ಸಿಯಸ್ ತಲುಪಿತು. ಆಗ ಸಂಭವಿಸಿದ ಸಾವುಗಳನ್ನು ಬಿಸಿಲಿನ ಸಾವು ಎಂಬ ಶೀರ್ಷಿಕೆಯ ಅಡಿಯಲ್ಲಿ ಹುಡುಕುವುದನ್ನು ಸಂಶೋಧಕರು ಕೈಬಿಟ್ಟರು. ಅದರ ಬದಲು ಪಾಲಿಕೆಯ ಜನನ ಮರಣ ನೋಂದಣಿ ವಿಭಾಗದಲ್ಲಿದ್ದ ದಿನದಿನದ ಮರಣ ಸಂಖ್ಯೆಯನ್ನು, ಕಾರಣ ಯಾವುದೇ ಇರಲಿ, ಒಟ್ಟಾಗಿ ತೆಗೆದುಕೊಂಡರು. ಆ ಮೇ ತಿಂಗಳಲ್ಲಿ ಒಟ್ಟು 4,462 ಮರಣಗಳು ನೋಂದಣಿಯಾಗಿದ್ದವು. ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಅದೇ ಅವಧಿಯ ಆಧಾರದ ಮೇಲೆ ನಿರೀಕ್ಷಿತವಾಗಿದ್ದುದು 3,118. ಎಂದರೆ 1,344 ಮರಣಗಳು ಹೆಚ್ಚುವರಿ, ಶೇಕಡ 43.1ರಷ್ಟು ಏರಿಕೆ. ಉಷ್ಣಾಂಶ ಏರಿದ ದಿನಗಳಲ್ಲಿಯೇ ಮರಣವೂ ಏರಿ, ಇಳಿದಾಗ ಇಳಿದಿತ್ತು. ಈ ವಿಧಾನಕ್ಕೆ ದುಬಾರಿ ಉಪಕರಣಗಳಾಗಲಿ ಕ್ಲಿಷ್ಟ ಗಣಿತವಾಗಲಿ ಬೇಕಾಗಿರಲಿಲ್ಲ. ಪಾಲಿಕೆಯ ಗುಮಾಸ್ತರು ವರ್ಷಗಳಿಂದ ಬರೆದಿಟ್ಟುಕೊಂಡು ಬಂದಿದ್ದ ದಾಖಲೆಯನ್ನು ಉಷ್ಣಾಂಶದ ದಾಖಲೆಯ ಪಕ್ಕದಲ್ಲಿಟ್ಟು ಓದುವವರು ಬೇಕಾಗಿದ್ದರು, ಅಷ್ಟೆ. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ, ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಹಾಗೂ ಕೆಲವು ವಿಶ್ವವಿದ್ಯಾಲಯಗಳ ತಜ್ಞರು ಪಾಲಿಕೆಗೆ ನೀಡಿದ ನೆರವಿನ ತಿರುಳು ಇದೇ ಆಗಿತ್ತು.

ಇದರ ಜೊತೆಗೆ ಮತ್ತೊಂದು ಅಧ್ಯಯನವನ್ನೂ ಹೇಳಬೇಕು. ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳು ತಾಯಂದಿರೊಡನೆ ಇರುತ್ತಿದ್ದುದು ಕಟ್ಟಡದ ಮೇಲಿನ ಅಂತಸ್ತಿನಲ್ಲಿ, ಕಾದ ತಾರಸಿಯ ನೇರ ಕೆಳಗೆ. ಅಲ್ಲಿನ ಶಿಶುಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಉಷ್ಣಾಂಶವು 42 ಡಿಗ್ರಿ ದಾಟಿದ ಮೇಲೆ ಪ್ರತಿಯೊಂದು ಡಿಗ್ರಿಗೂ ತಾಪದಿಂದ ಬಳಲಿ ತೀವ್ರ ನಿಗಾ ಘಟಕ ಸೇರುವ ಶಿಶುಗಳ ಪ್ರಮಾಣ ಶೇಕಡ 43ರಷ್ಟು ಏರುತ್ತಿದ್ದುದು ಕಂಡುಬಂದಿತು. ವಾರ್ಡನ್ನು ಕೆಳ ಅಂತಸ್ತಿಗೆ ಸ್ಥಳಾಂತರಿಸಿದ ಮೇಲೆ ಪರಿಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಎಂಬ ದೊಡ್ಡ ಮಾತಿನ ಅರ್ಥವು ಕೆಲವೊಮ್ಮೆ ಮಂಚಗಳನ್ನು ಎರಡು ಅಂತಸ್ತು ಕೆಳಗಿಳಿಸುವಷ್ಟು ಸರಳವಾಗಿರುತ್ತದೆ. ಆದರೆ ಯಾವ ಮಂಚವನ್ನು ಇಳಿಸಬೇಕೆಂಬುದು ತಿಳಿಯಬೇಕಾದರೆ ಆಸ್ಪತ್ರೆಯ ದಾಖಲೆ ಪುಸ್ತಕವನ್ನು ಯಾರಾದರೂ ಓದಿರಬೇಕು.

2013ರಲ್ಲಿ ಜಾರಿಗೆ ಬಂದ ಅಹಮದಾಬಾದ್ ಬಿಸಿಲು ಕ್ರಿಯಾ ಯೋಜನೆಯ ರಚನೆ ಕುತೂಹಲಕರವಾದುದು. ಭಾರತೀಯ ಹವಾಮಾನ ಇಲಾಖೆಯ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ. ವಾಡಿಕೆ ಏನೇ ಇರಲಿ 45 ಡಿಗ್ರಿ ಮುಟ್ಟಿದರೂ ಬಿಸಿಗಾಳಿಯೇ. ಇದು ಇಡೀ ದೇಶಕ್ಕೆ ಅನ್ವಯಿಸುವ ಹವಾಮಾನಶಾಸ್ತ್ರೀಯ ವ್ಯಾಖ್ಯೆ. ಎಷ್ಟು ಡಿಗ್ರಿಗೆ ಜನ ಸಾಯತೊಡಗುತ್ತಾರೆಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅಹಮದಾಬಾದ್ ತನ್ನ ಮರಣ ದಾಖಲೆಯನ್ನು ನೋಡಿ ತನ್ನ ಮಿತಿಗಳನ್ನು ತಾನೇ ನಿಗದಿಪಡಿಸಿಕೊಂಡಿತು: 41.1ರಿಂದ 43 ಡಿಗ್ರಿಯವರೆಗೆ ಹಳದಿ, 43.1ರಿಂದ 44.9ರವರೆಗೆ ಕಿತ್ತಳೆ, 45 ಮತ್ತು ಅದಕ್ಕೂ ಮೇಲೆ ಕೆಂಪು. ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಕರ್ತವ್ಯಪಟ್ಟಿ. ಪಾಲಿಕೆಯಲ್ಲಿ ಒಬ್ಬ ಸಂಪರ್ಕಾಧಿಕಾರಿ. ಮುನ್ಸೂಚನೆ ಬಂದ ಕೂಡಲೇ ಅವರಿಂದ ವಲಯ ಕಚೇರಿಗಳಿಗೆ, ಆಸ್ಪತ್ರೆಗಳಿಗೆ, 108 ಆಂಬ್ಯುಲೆನ್ಸ್ ಸೇವೆಗೆ, ಪತ್ರಿಕೆಗಳಿಗೆ ಸಂದೇಶ. ಉದ್ಯಾನಗಳನ್ನು ಮಧ್ಯಾಹ್ನವೂ ತೆರೆದಿಡುವುದು, ಕುಡಿಯುವ ನೀರಿನ ಕೇಂದ್ರಗಳನ್ನು ಹೆಚ್ಚಿಸುವುದು, ವೈದ್ಯರಿಗೂ ದಾದಿಯರಿಗೂ ಬೇಸಗೆಗೆ ಮುನ್ನವೇ ತರಬೇತಿ ಕೊಡುವುದು, ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರ ಮೂಲಕ ತಿಳಿವಳಿಕೆ ಹರಡುವುದು. ಇವುಗಳಲ್ಲಿ ಯಾವುದೂ ಹೊಸ ಇಲಾಖೆಯನ್ನು ಬೇಡುವುದಿಲ್ಲ. ಈಗಾಗಲೇ ಇರುವ ಹುದ್ದೆಗಳಿಗೆ, ಈಗಾಗಲೇ ಇರುವ ಸಂಬಳದಲ್ಲಿ, ಇಂಥ ದಿನ ಇಂಥ ಕೆಲಸ ಎಂದು ಗೊತ್ತುಪಡಿಸಿದ್ದೇ ಯೋಜನೆಯ ಶಕ್ತಿ.

ಇದರ ಫಲವೇನು? 2018ರಲ್ಲಿ ಪ್ರಕಟವಾದ ಮೌಲ್ಯಮಾಪನವೊಂದು 2007ರಿಂದ 2010ರವರೆಗಿನ ಅವಧಿಯನ್ನು 2014 ಮತ್ತು 2015ರ ಅವಧಿಯೊಡನೆ ಹೋಲಿಸಿ, ವರ್ಷಕ್ಕೆ ಸರಾಸರಿ 1,190 ಮರಣಗಳು ತಪ್ಪಿವೆ ಎಂದು ಅಂದಾಜಿಸಿತು. ಈ ಸಂಖ್ಯೆಯನ್ನು ಅನೇಕರು ಉದ್ಧರಿಸುತ್ತಾರೆ. ಆದರೆ ಅದರ ಜೊತೆಗಿರುವ ಅನಿಶ್ಚಿತತೆಯ ವ್ಯಾಪ್ತಿ 162ರಿಂದ 2,218ರವರೆಗೆ ಹರಡಿದೆ ಎಂಬುದನ್ನು ಉದ್ಧರಿಸುವವರು ವಿರಳ. ಇಷ್ಟು ಅಗಲವಾದ ವ್ಯಾಪ್ತಿಯುಳ್ಳ ಅಂದಾಜನ್ನು ವಿಜಯಘೋಷವಾಗಿ ಬಳಸುವುದು ಸಂಶೋಧನಾ ಶಿಸ್ತಿಗೆ ಒಪ್ಪುವಂಥದ್ದಲ್ಲ. ಮರಣಗಳು ತಗ್ಗಿವೆ ಎಂಬುದನ್ನು ಒಪ್ಪಬಹುದು. ಎಷ್ಟು ತಗ್ಗಿವೆ ಎಂಬುದನ್ನು ಎಚ್ಚರದಿಂದ ಹೇಳಬೇಕು. 2016ರ ಮೇ 20ರಂದು ನಗರದ ಉಷ್ಣಾಂಶವು 48 ಡಿಗ್ರಿ ಮುಟ್ಟಿತೆಂಬುದನ್ನೂ ಇಲ್ಲಿ ಸೇರಿಸಬೇಕು. ಹಿಂದಿನ ದಾಖಲೆಗಳಿಂದ ಕಟ್ಟಿದ ಮಿತಿಗಳು ಮುಂದಿನ ಬೇಸಗೆಗಳಿಗೆ ಸಾಲುತ್ತವೆಂಬ ಭರವಸೆ ಇಲ್ಲ. 45 ಡಿಗ್ರಿಗೂ 48 ಡಿಗ್ರಿಗೂ ಒಂದೇ ಕೆಂಪು ಬಣ್ಣ ಎಂಬುದು ಯೋಜನೆಯನ್ನು ಆಗಾಗ ಪರಿಷ್ಕರಿಸಬೇಕಾದ ಅಗತ್ಯವನ್ನು ಸೂಚಿಸುತ್ತದೆ.

ನಕಲಿನ ಸಮಸ್ಯೆ

ಅಹಮದಾಬಾದಿನ ಮಾದರಿ ಶೀಘ್ರವಾಗಿ ಹರಡಿತು. ಹತ್ತು ವರ್ಷಗಳೊಳಗಾಗಿ ರಾಜ್ಯ, ಜಿಲ್ಲೆ, ನಗರ ಮಟ್ಟಗಳಲ್ಲಿ ಹತ್ತಾರು ಬಿಸಿಲು ಕ್ರಿಯಾ ಯೋಜನೆಗಳು ಸಿದ್ಧವಾದವು. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಸಂಸ್ಥೆಯು 2023ರಲ್ಲಿ 18 ರಾಜ್ಯಗಳಿಗೆ ಸೇರಿದ ಇಂಥ 37 ಯೋಜನೆಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಬಹುಮುಖ್ಯವಾದುದು. ಆ 37ರ ಪೈಕಿ ಸ್ಥಳೀಯವಾಗಿ ಉಷ್ಣಾಂಶದ ಮಿತಿಯನ್ನು ನಿಗದಿಪಡಿಸಿಕೊಂಡಂತೆ ಕಾಣುವವು 10 ಮಾತ್ರ. ಯಾರು ಹೆಚ್ಚು ಅಪಾಯಕ್ಕೆ ಒಳಗಾಗಿದ್ದಾರೆ, ಅವರು ಎಲ್ಲಿದ್ದಾರೆ ಎಂಬ ವಿಶ್ಲೇಷಣೆಯನ್ನು ಸ್ಪಷ್ಟವಾಗಿ ನಡೆಸಿ ಮಂಡಿಸಿದವು ಎರಡೇ ಎರಡು. ಹಣದ ಮೂಲದ ಮಾತೆತ್ತಿದವು 11. ಅವುಗಳಲ್ಲಿಯೂ 8 ಯೋಜನೆಗಳು ಆಯಾ ಇಲಾಖೆಗಳು ತಮ್ಮ ತಮ್ಮ ಹಣದಲ್ಲಿಯೇ ನಿಭಾಯಿಸಿಕೊಳ್ಳಲಿ ಎಂದು ಹೇಳಿ ಸುಮ್ಮನಾದವು.

ಇದರ ಅರ್ಥ ಸ್ಪಷ್ಟವಾಗಿದೆ. ಹರಡಿದ್ದು ಯೋಜನೆಯ ಪುಸ್ತಕ. ಅದರ ಹಿಂದಿದ್ದ ಕೆಲಸ ಹರಡಲಿಲ್ಲ. ಬಣ್ಣಗಳ ಪಟ್ಟಿ, ಮಾಡಬೇಕಾದ ಮತ್ತು ಮಾಡಬಾರದ ಸಂಗತಿಗಳ ಸೂಚನೆ, ಇಲಾಖೆಗಳ ಹೆಸರುಗಳು ಇವೆಲ್ಲವನ್ನೂ ಒಂದು ಕಡತದಿಂದ ಇನ್ನೊಂದಕ್ಕೆ ಎತ್ತಿಕೊಳ್ಳಬಹುದು. ಒಂದು ನಗರದ ಮರಣ ದಾಖಲೆಯನ್ನು ಇನ್ನೊಂದು ನಗರವು ಎತ್ತಿಕೊಳ್ಳಲಾಗದು. ಸ್ಥಳೀಯ ಸರ್ಕಾರಕ್ಕೆ ನೆರವು ನೀಡುವುದೆಂದರೆ ಸಿದ್ಧ ಯೋಜನೆಯೊಂದನ್ನು ತಂದುಕೊಡುವುದೆಂಬ ತಿಳಿವಳಿಕೆ ಇರುವವರೆಗೂ ಈ ಬಗೆಯ ಕಡತಗಳು ಹೆಚ್ಚುತ್ತಲೇ ಹೋಗುತ್ತವೆ.

ಹಣದ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸಬಹುದು. 15ನೆಯ ಹಣಕಾಸು ಆಯೋಗದ ಅವಧಿಯಲ್ಲಿ (2021–26) ವಿಪತ್ತು ಪರಿಹಾರ ನಿಧಿಗೆ ಅರ್ಹವಾದ ರಾಷ್ಟ್ರೀಯ ವಿಪತ್ತುಗಳ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ಬಿಸಿಗಾಳಿಯನ್ನು ಸ್ಥಳೀಯ ವಿಪತ್ತೆಂದು ಘೋಷಿಸಿದ ರಾಜ್ಯಗಳು ತಮ್ಮ ನಿಧಿಯ ಶೇಕಡ 10ರ ಮಿತಿಯೊಳಗೆ ವೆಚ್ಚ ಮಾಡಿಕೊಳ್ಳಬಹುದಾಗಿತ್ತು. ನಗರಪಾಲಿಕೆಯೊಂದಕ್ಕೆ ಇದರಿಂದ ನೇರವಾಗಿ ದಕ್ಕುವುದು ಅತ್ಯಲ್ಪ.

ಕೇರಳದ ಭಿನ್ನ ದಾರಿ

2018ರ ಮಹಾಪ್ರವಾಹದ ತರುವಾಯ ಕೇರಳವು ಹಿಡಿದ ದಾರಿ ಇದಕ್ಕಿಂತ ಭಿನ್ನವಾದುದು. ಅಲ್ಲಿನ 941 ಗ್ರಾಮ ಪಂಚಾಯಿತಿಗಳು, 87 ನಗರಸಭೆಗಳು, 6 ಮಹಾನಗರಪಾಲಿಕೆಗಳು, ಒಟ್ಟು 1,034 ಸ್ಥಳೀಯ ಸಂಸ್ಥೆಗಳು ತಮ್ಮ ವಿಪತ್ತು ನಿರ್ವಹಣಾ ಯೋಜನೆಯನ್ನು ತಾವೇ ರೂಪಿಸಿಕೊಳ್ಳಬೇಕೆಂಬ ಕಾರ್ಯಕ್ರಮವನ್ನು 2019–20ರಲ್ಲಿ ಕೈಗೊಳ್ಳಲಾಯಿತು. ‘ನಮ್ಮಳ್ ನಮುಕ್ಕಾಯಿ’ ಎಂಬುದು ಅದರ ಹೆಸರು. ನಮಗಾಗಿ ನಾವು ಎಂದು ಅರ್ಥ. ತ್ರಿಶ್ಶೂರಿನ ಕೇರಳ ಸ್ಥಳೀಯಾಡಳಿತ ಸಂಸ್ಥೆ (ಕಿಲ) ತರಬೇತಿಯ ಹೊಣೆ ಹೊತ್ತಿತು. ಸಾವಿರಕ್ಕೂ ಹೆಚ್ಚು ಯೋಜನೆಗಳು ಒಂದೇ ಗುಣಮಟ್ಟದಲ್ಲಿ ಇರುವುದು ಸಾಧ್ಯವಿಲ್ಲ. ಹಲವು ಯೋಜನೆಗಳು ನಮೂನೆ ತುಂಬಿದ ಮಟ್ಟದಲ್ಲಿಯೇ ಉಳಿದಿರಬಹುದು. ಆದರೂ ಇಲ್ಲಿ ಗಮನಿಸಬೇಕಾದುದು, ಈ ಕಾರ್ಯಕ್ರಮಕ್ಕೆ ಹಿನ್ನೆಲೆಯಾಗಿ 1996ರ ಜನತಾ ಯೋಜನಾ ಆಂದೋಲನವಿತ್ತು ಎಂಬುದು. ರಾಜ್ಯದ ಯೋಜನಾ ವೆಚ್ಚದ ಮೂರನೆಯ ಒಂದು ಭಾಗಕ್ಕೂ ಮಿಗಿಲಾದ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ನಿರ್ಧಾರ ಆಗಲೇ ಆಗಿತ್ತು. ವಾರ್ಡ್ ಸಭೆಯಲ್ಲಿ ಕುಳಿತು ಹಣದ ಹಂಚಿಕೆಯನ್ನು ಚರ್ಚಿಸಿದ ಅಭ್ಯಾಸವುಳ್ಳ ಸದಸ್ಯರಿಗೆ ನೆರೆಯ ನಕ್ಷೆಯನ್ನು ಮುಂದಿಟ್ಟು ಚರ್ಚಿಸುವುದು ಅಪರಿಚಿತವೆನಿಸಲಿಲ್ಲ. ಹವಾಮಾನ ಯೋಜನೆಯನ್ನು ಕಲಿಸುವುದಕ್ಕೆ ಮೊದಲು ಯೋಜನೆ ಮಾಡುವ ಅಧಿಕಾರವನ್ನು ಕೊಟ್ಟಿರಬೇಕು ಎಂಬುದಕ್ಕೆ ಕೇರಳವೇ ನಿದರ್ಶನ.

ಅಧಿಕಾರ ವಿಕೇಂದ್ರೀಕರಣದ ವಿಷಯದಲ್ಲಿ ಕರ್ನಾಟಕವು ಒಂದು ಕಾಲಕ್ಕೆ ಕೇರಳಕ್ಕಿಂತ ಮುಂದಿತ್ತೆಂಬುದು ಇತಿಹಾಸ. 1983ರ ಕಾಯಿದೆ, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು ದೇಶದ ಗಮನ ಸೆಳೆದಿದ್ದವು. ಅದರ ಹಿಂದಿದ್ದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಒದಗಿಸಿ ‘ನೀರ್‌ಸಾಬ್’ ಎಂದು ಹೆಸರಾದವರು. ಪಂಚಾಯಿತಿಗೆ ಅಧಿಕಾರ ಕೊಟ್ಟ ಕೈಯೇ ಬರಗಾಲದಲ್ಲಿ ನೀರು ಕೊಟ್ಟದ್ದು ಆಕಸ್ಮಿಕವೆಂದು ತೋರುವುದಿಲ್ಲ. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅವರ ಹೆಸರನ್ನೇ ಹೊತ್ತಿದೆ. ಕೇರಳದಲ್ಲಿ ಕಿಲ ಮಾಡಿದ ಬಗೆಯ ಕೆಲಸಕ್ಕೆ ಇಲ್ಲಿ ಸಹಜವಾಗಿ ಒದಗಬಲ್ಲ ಸಂಸ್ಥೆ ಅದು.

ಕರ್ನಾಟಕದ ಸಂದರ್ಭ

ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ದಾಟುವುದು ವಾಡಿಕೆ. ಈ ಭಾಗದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಹೊಂದಾಣಿಕೆಯೂ ಇದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಈ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕಾರ್ಯನಿರ್ವಹಿಸುತ್ತ ಬಂದಿವೆ. ಹವಾಮಾನ ಬದಲಾವಣೆ ಎಂಬ ಪದ ಬಳಕೆಗೆ ಬರುವ ಮೊದಲೇ ರೂಢಿಗೆ ಬಂದ ಕ್ರಮವಿದು. ಆದರೆ ಇದರ ಫಲಾನುಭವಿಗಳು ಸೂರಿನ ಕೆಳಗೆ, ಬೀಸಣಿಗೆಯ ಅಡಿಯಲ್ಲಿ ಕೆಲಸ ಮಾಡುವವರು. ಗಂಜಿನಲ್ಲಿ ಮೂಟೆ ಹೊರುವ ಹಮಾಲರಿಗೆ, ಕಟ್ಟಡ ಕಾರ್ಮಿಕರಿಗೆ, ಕಲ್ಲುಗಣಿಯವರಿಗೆ, ಬೀದಿಬದಿಯ ವ್ಯಾಪಾರಿಗಳಿಗೆ ಅದು ಅನ್ವಯಿಸುವುದಿಲ್ಲ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಈ ಭಾಗದ ಕೂಲಿಕಾರರಿಗೆ ಬೇಸಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ನೀಡುತ್ತ ಬಂದದ್ದು ಇದಕ್ಕೊಂದು ಅಪವಾದ. ಗ್ರಾಮ ಪಂಚಾಯಿತಿಯ ಮೂಲಕವೇ ಜಾರಿಯಾದ ಬಿಸಿಲಿನ ರಕ್ಷಣೆ ಎಂದು ಅದನ್ನು ಕರೆಯಬಹುದು.

ಮನೆಗಳ ವಿಚಾರವೂ ಹೀಗೆಯೇ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳ ದಪ್ಪನೆಯ ಮಣ್ಣಿನ ಮೇಲ್ಮುದ್ದೆಯೂ ಅಗಲವಾದ ಗೋಡೆಗಳೂ ಹಗಲಿನ ಕಾವನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದುದು ಬಲು ನಿಧಾನವಾಗಿ. ಬಡವರ ಮನೆಗಳಲ್ಲಿ ಇವುಗಳ ಸ್ಥಾನವನ್ನು ತಗಡು ಮತ್ತು ಸಿಮೆಂಟ್ ಶೀಟುಗಳು, ತೆಳುವಾದ ಕಾಂಕ್ರೀಟ್ ತಾರಸಿಗಳು ಆಕ್ರಮಿಸಿವೆ. ಮಳೆಗೆ ಸೋರದಿರುವುದು, ವರ್ಷವರ್ಷ ಮಣ್ಣು ಹಾಕುವ ಶ್ರಮ ತಪ್ಪುವುದು ಇವುಗಳ ಅನುಕೂಲ. ಆದ್ದರಿಂದ ಹಳೆಯ ಮನೆಗೆ ಮರಳಿರೆಂದು ಹೇಳುವುದು ವ್ಯರ್ಥ. ಆದರೆ ಅಹಮದಾಬಾದಿನ ಯೋಜನೆಗೆ 2017ರಲ್ಲಿ ಸೇರ್ಪಡೆಯಾದ ತಂಪು ಮೇಲ್ಛಾವಣಿಯ ಕಾರ್ಯಕ್ರಮ, ಎಂದರೆ ಕೊಳೆಗೇರಿಯ ಮನೆಗಳ ಛಾವಣಿಗೆ ಬಿಳಿಯ ಸುಣ್ಣ ಅಥವಾ ಬಣ್ಣ ಬಳಿಯುವ ಕೆಲಸ, ಒಂದು ಪುರಸಭೆಯ ಆಯವ್ಯಯಕ್ಕೆ ನಿಲುಕದ್ದೇನಲ್ಲ.

ಇನ್ನು ದಾಖಲೆಗಳ ಮಾತು. 1988ರಲ್ಲಿ ಬರ ನಿರೀಕ್ಷಣಾ ಕೋಶವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗಗಳನ್ನು ಅಳೆಯುವ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಇಷ್ಟು ದಟ್ಟವಾದ ಮಾಪನ ಜಾಲವು ದೇಶದ ಕೆಲವೇ ರಾಜ್ಯಗಳಲ್ಲಿದೆ. ಮರಣ ನೋಂದಣಿಯೂ ‘ಇ-ಜನ್ಮ’ ತಂತ್ರಾಂಶದ ಮೂಲಕ ಗಣಕೀಕೃತವಾಗಿದೆ. ಅಹಮದಾಬಾದ್ 2010ರ ಬಳಿಕ ಮಾಡಿದ ಲೆಕ್ಕಕ್ಕೆ ಬೇಕಾದ ಎರಡೂ ಸಾಮಗ್ರಿಗಳು ಕರ್ನಾಟಕದಲ್ಲಿವೆ ಎಂದಾಯಿತು. ಒಂದು ಕಂದಾಯ ಇಲಾಖೆಯ ಅಂಗಸಂಸ್ಥೆಯಲ್ಲಿದೆ, ಇನ್ನೊಂದು ನೋಂದಣಿ ವ್ಯವಸ್ಥೆಯಲ್ಲಿದೆ. ಇವೆರಡನ್ನೂ ಒಂದೇ ಮೇಜಿನ ಮೇಲೆ ತಂದು ಓದುವ ಕೆಲಸವು ನಗರಸಭೆಯ ಆರೋಗ್ಯಾಧಿಕಾರಿಯ ದಿನನಿತ್ಯದ ಕರ್ತವ್ಯಪಟ್ಟಿಯಲ್ಲಿ ತಾನಾಗಿ ಬರುವಂಥದ್ದಲ್ಲ. ಸ್ಥಳೀಯ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವೋ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯ ವಿಭಾಗವೋ ನೆರವಾಗಬಹುದಾದ ಸ್ಥಾನ ಇದು. ನೆರವು ಮುಗಿದ ಮೇಲೆ ಆ ಲೆಕ್ಕವನ್ನು ಪ್ರತಿವರ್ಷ ತಾನೇ ಮಾಡುವ ಶಕ್ತಿ ಕಚೇರಿಯೊಳಗೇ ಉಳಿಯಬೇಕು.

ಮಿತಿಗಳನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ನಕಲು ಮಾಡಲಾಗದೆಂಬುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಾನವ ದೇಹವು ತಂಪಾಗುವುದು ಬೆವರು ಆರುವುದರಿಂದ. ಕಲಬುರಗಿಯ ಒಣಹವೆಯಲ್ಲಿ 41 ಡಿಗ್ರಿಯಲ್ಲಿಯೂ ಬೆವರು ಬೇಗ ಆರುತ್ತದೆ. ಮಂಗಳೂರಿನ ಅಥವಾ ಕಾರವಾರದ ತೇವಭರಿತ ಗಾಳಿಯಲ್ಲಿ 36 ಡಿಗ್ರಿಯಲ್ಲಿಯೇ ಅದು ಮೈಮೇಲೆ ನಿಂತುಬಿಡುತ್ತದೆ. ಹವಾಮಾನ ಇಲಾಖೆಯು ಕರಾವಳಿಗೆ 37 ಡಿಗ್ರಿಯ ಪ್ರತ್ಯೇಕ ಮಾನದಂಡವನ್ನು ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ. ಉಷ್ಣಾಂಶವನ್ನಷ್ಟೇ ನೋಡಿ ಬಣ್ಣ ನಿರ್ಧರಿಸುವ ಪಟ್ಟಿಯು ಕರಾವಳಿಯ ಪಂಚಾಯಿತಿಗೆ ಉಪಯೋಗಕ್ಕೆ ಬಾರದು. ಆರ್ದ್ರತೆಯನ್ನೂ ಸೇರಿಸಿದ ಪಟ್ಟಿ ಬೇಕು.

ಬಿಸಿಲಿನಲ್ಲಿ ನೀರು ಒದಗಿಸುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ದಾರಿಹೋಕರಿಗೆ ಅರವಟ್ಟಿಗೆ ಇಡಿಸಿ ಅದರ ನಿರ್ವಹಣೆಗೆ ದತ್ತಿ ಬಿಟ್ಟ ಸಂಗತಿಗಳು ಕನ್ನಡ ಶಾಸನಗಳಲ್ಲಿ ದಾಖಲಾಗಿವೆ. ಯಾವ ಭೂಮಿಯ ಉತ್ಪನ್ನದಿಂದ ಧರ್ಮಕಾರ್ಯ ನಡೆಯಬೇಕೆಂಬುದನ್ನು ದತ್ತಿಶಾಸನಗಳು ಗಡಿ ಸಹಿತ ಬರೆಯುತ್ತವೆ. 37 ಆಧುನಿಕ ಯೋಜನೆಗಳ ಪೈಕಿ 26 ಯೋಜನೆಗಳು ಬಿಟ್ಟುಬಿಟ್ಟ ವಿವರ ಇದು ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ. ಇಂದಿನ ಗ್ರಾಮ ಪಂಚಾಯಿತಿಗೆ ದಾರಿ ಮುಚ್ಚಿಲ್ಲ. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡ 60ರಷ್ಟು ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದ ಹಣವಾಗಿತ್ತು. ಬಸ್ ನಿಲ್ದಾಣ, ಸಂತೆ ಮೈದಾನಗಳಲ್ಲಿ ಬೇಸಗೆಯ ನೀರಿನ ವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಮೊದಲೇ ಬರೆದುಕೊಂಡರೆ ಅದಕ್ಕೆ ಹೊಸ ಅನುದಾನವನ್ನು ಕಾಯಬೇಕಿಲ್ಲ. ಆ ಯೋಜನೆಯನ್ನು ಸಿದ್ಧಪಡಿಸುವುದು ಆರ್ಥಿಕ ವರ್ಷ ಆರಂಭವಾಗುವ ಎಷ್ಟೋ ತಿಂಗಳ ಮೊದಲು, ಬಿಸಿಲಿನ ನೆನಪು ಮಾಸಿದ ಕಾಲದಲ್ಲಿ ಎಂಬುದು ಮಾತ್ರ ತೊಡಕು.

ಬೆಂಗಳೂರಿನ ಪ್ರಸಂಗ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರಿನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. 2050ರ ವೇಳೆಗೆ ನಗರವು ಇಂಗಾಲ ತಟಸ್ಥವಾಗಬೇಕೆಂಬ ಗುರಿಯನ್ನು ಹೊಂದಿದ್ದ ಆ ಯೋಜನೆಯ ರಚನೆಗೆ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನ ಭಾರತೀಯ ಶಾಖೆಯ ಹಾಗೂ ಜಾಗತಿಕ ನಗರಗಳ ಒಕ್ಕೂಟವಾದ ಸಿ-40ರ ನೆರವಿತ್ತು. ಪರಿಣತಿಯ ದೃಷ್ಟಿಯಿಂದ ಕರ್ನಾಟಕದ ಯಾವ ಸ್ಥಳೀಯ ಸಂಸ್ಥೆಗೂ ಇಷ್ಟರ ಸಹಾಯ ದೊರೆತಿರಲಾರದು. ಆದರೆ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದಿತ್ತು. ಯೋಜನೆ ಪ್ರಕಟವಾದಾಗ ಆಡಳಿತಾಧಿಕಾರಿಯ ಆಳ್ವಿಕೆಯಿತ್ತು. ನಗರದ ಮೂವತ್ತು ವರ್ಷಗಳ ದಾರಿಯನ್ನು ನಿರ್ಧರಿಸುವ ದಾಖಲೆಯೊಂದನ್ನು ಒಬ್ಬ ಕಾರ್ಪೊರೇಟರನೂ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ, ತಿದ್ದುವ, ತನ್ನ ವಾರ್ಡಿಗೆ ಏನು ದಕ್ಕಿತೆಂದು ಕೇಳುವ ಅವಕಾಶ ಇರಲಿಲ್ಲ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳೂ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಸದಸ್ಯರಿಲ್ಲದೆ ನಡೆದವು. ಚುನಾಯಿತರಿಲ್ಲದ ಸಂಸ್ಥೆಗೆ ನೀಡುವ ನೆರವು ಅಧಿಕಾರಿಗಳಿಗೆ ನೀಡುವ ನೆರವಾಗುತ್ತದೆ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ.

ಆ ಪಾಲಿಕೆಯೇ ಈಗಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಿಂದ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳೂ ಅವುಗಳ ಮೇಲೊಂದು ಪ್ರಾಧಿಕಾರವೂ ಅಸ್ತಿತ್ವಕ್ಕೆ ಬಂದವು. 2023ರ ಯೋಜನೆಯಲ್ಲಿ ಪಾಲಿಕೆ ಮಾಡಬೇಕೆಂದು ಬರೆದಿದ್ದ ಪ್ರತಿಯೊಂದು ಕೆಲಸದ ಮುಂದೆಯೂ ಇದು ಐದರಲ್ಲಿ ಯಾರದು, ಅಥವಾ ಪ್ರಾಧಿಕಾರದ್ದೇ ಎಂಬ ಪ್ರಶ್ನೆಯನ್ನು ಹೊಸದಾಗಿ ಬರೆಯಬೇಕಾಯಿತು. ಐದು ಪಾಲಿಕೆಗಳ ಪೈಕಿ ಯಾವುದಾದರೊಂದು ತನ್ನ ಬಿಸಿಲಿನ ಮಿತಿಯನ್ನು ತಾನೇ ಕಂಡುಕೊಳ್ಳಲು ಹೊರಟರೆ ಮೊದಲು ಎದುರಾಗುವುದು ಗಡಿಗಳ ತೊಡಕು. ಬೆಂಗಳೂರಿನ ವಾರ್ಡುಗಳು ಕೊನೆಯ ಚುನಾಯಿತ ಕೌನ್ಸಿಲಿನ ಕಾಲಕ್ಕೆ 198 ಇದ್ದವು. 2022ರ ಮರುವಿಂಗಡಣೆಯಲ್ಲಿ 243, 2023ರದರಲ್ಲಿ 225 ಆದವು. ಐದು ಪಾಲಿಕೆಗಳು ಬಂದಾಗ ಮತ್ತೊಮ್ಮೆ ಬದಲಾದವು. ಹಿಂದಿನ ಹತ್ತು ಬೇಸಗೆಗಳ ಮರಣ ನೋಂದಣಿಯನ್ನು ವಿಳಾಸಗಳ ಆಧಾರದ ಮೇಲೆ ಹೊಸ ವಾರ್ಡುಗಳಿಗೆ ಒಂದೊಂದಾಗಿ ಹೊಂದಿಸಿದ ಮೇಲೆಯೇ ಯಾವ ವಾರ್ಡಿನಲ್ಲಿ ಯಾವ ಉಷ್ಣಾಂಶಕ್ಕೆ ಮರಣ ಏರತೊಡಗುತ್ತದೆ ಎಂಬ ಲೆಕ್ಕ ಆರಂಭವಾಗಬಲ್ಲದು.